ಎದುರು ಬೀದಿಯ ಕಾಲೇಜು ಎದುರಾಳಿಯಾಗದ ಊರು

ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆಯಿತು. ಮುಂಬೈ ವಿರುದ್ಧ ಕರ್ನಾಟಕಕ್ಕೆ ಗೆಲ್ಲಲು ಬೇಕಾಗಿದ್ದದ್ದು 338 ರನ್. ಮನೀಶ್ ಪಾಂಡೆ 144 ಹೊಡೆದರು. ಆದರೂ ತಂಡ 331ಕ್ಕೆ ಆಲೌಟ್ ಆಗಿ ಆರು ರನ್‌ಗಳಿಂದ ಸೋತಿತು. ಆ ನಾಲ್ಕು ದಿನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಒಳಗೆ ಜಾಗ ಸಿಗದವರು ಸುತ್ತಲಿನ ಮರ ಹತ್ತಿ ಕೂತರು. ತರಗತಿ ಬಿಟ್ಟು ಬಂದ ಕಾಲೇಜು ಹುಡುಗರೇ ಅಲ್ಲಿ ಎದ್ದು ಕಾಣುತ್ತಿದ್ದರು. ಆ ಸೋಲನ್ನು ನೆನೆದು ಈಗಲೂ ನಿಟ್ಟುಸಿರು ಬಿಡುವವರು ಈ ಊರಿನಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಅದೇ ಮೈದಾನ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರಿನಲ್ಲಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಮಹಾರಾಜ ಟ್ರೋಫಿ ಟಿ20 ನಡೆಯಿತು. ಆ ವರ್ಷದ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡಿದ್ದರು. ಬೆಂಗಳೂರಿನಲ್ಲಿ ನಡೆಸಲು ಆಗದೆ ಟೂರ್ನಿಯನ್ನು ಮೈಸೂರಿಗೆ ತಂದರು. ಸಂಜೆಯಾದರೆ ಟಿ.ವಿ.ಯಲ್ಲಿ, ಮೊಬೈಲ್‌ನಲ್ಲಿ ಮಾನಸಗಂಗೋತ್ರಿಯ ಹಸಿರು ಕಾಣುತ್ತಿತ್ತು. ಈ ನೆಲ ಮೈಸೂರು ವಿಶ್ವವಿದ್ಯಾಲಯದ್ದು, ಗುತ್ತಿಗೆ ಪಡೆದು ನಡೆಸುತ್ತಿರುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಆಟ ನೋಡಿದವರಲ್ಲಿ ಇದು ನೆನಪಿದ್ದವರು ಕಡಿಮೆ. ವಿಶ್ವವಿದ್ಯಾಲಯದ ನೆಲದ ಮೇಲೆ ಟಿ.ವಿ.ಗಾಗಿ ಆಟ ನಡೆಯುತ್ತದೆ. ಅದೇ ವಿಶ್ವವಿದ್ಯಾಲಯದ ಕಾಲೇಜುಗಳ ಆಟಕ್ಕೆ ಏನಾಗಿದೆ? ಯಾವ ಕಾಲೇಜು ಯಾವ ಕಾಲೇಜಿನ ಎದುರು ಆಡಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?

ಈ ಪ್ರಶ್ನೆ ಸದ್ಯ ಅತ್ಯಂತ ಜೋರಾಗಿ ಕೇಳಿಬರುತ್ತಿರುವುದು ಅಮೆರಿಕದಲ್ಲಿ. ಕುವೆಂಪುನಗರ, ವಿಜಯನಗರದ ಎಷ್ಟೋ ಮನೆಗಳ ಮಕ್ಕಳು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಶನಿವಾರ ಫೋನ್ ಮಾಡಿದರೆ ‘ಇವತ್ತು ಗೇಮ್ ಡೇ, ಆಮೇಲೆ ಮಾತಾಡ್ತೀನಿ’ ಎಂಬ ಉತ್ತರ ಬರುವುದುಂಟು. ಕಾಲೇಜು ಹುಡುಗರ ಫುಟ್‌ಬಾಲ್ ನೋಡಲು ಲಕ್ಷ ಜನ ಸೇರುತ್ತಾರೆ ಎಂದರೆ ನಮ್ಮವರಿಗೆ ನಂಬುವುದು ಕಷ್ಟ. ಅಲ್ಲಿ ವಿಶ್ವವಿದ್ಯಾಲಯಗಳು ತಮ್ಮತಮ್ಮೊಳಗೆ ಒಕ್ಕೂಟ ಕಟ್ಟಿಕೊಂಡಿವೆ. ಕಾನ್ಫರೆನ್ಸ್ ಎಂದು ಕರೆಯುವುದು ಅದನ್ನೇ. ಅಕ್ಕಪಕ್ಕದ ರಾಜ್ಯಗಳ ಹತ್ತು ಹನ್ನೆರಡು ಸಂಸ್ಥೆಗಳು ಸೇರಿ ವರ್ಷಾವರ್ಷ ಪರಸ್ಪರ ಆಡುವುದು, ಅದರಿಂದ ಹಳೆಯ ಪೈಪೋಟಿಗಳು ಬೆಳೆಯುವುದು, ಅಪ್ಪ ಬೆಂಬಲಿಸಿದ ತಂಡವನ್ನೇ ಮಗಳೂ ಬೆಂಬಲಿಸುವುದು ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದ ಪದ್ಧತಿ.

ಟಿ.ವಿ. ಇದನ್ನು ಬದಲಿಸಿದ್ದು ಒಂದೇ ದಿನದಲ್ಲಲ್ಲ. ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಮೊದಲು ಪ್ರಸಾರವನ್ನು ಬಿಗಿಯಾಗಿ ಹಿಡಿದಿಟ್ಟಿತ್ತು. ಯಾವುದೇ ಕಾಲೇಜು ಎರಡು ವರ್ಷದಲ್ಲಿ ಆರು ಸಲಕ್ಕಿಂತ ಹೆಚ್ಚು ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಮನೆಯಲ್ಲೇ ಆಟ ಕಂಡರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬ ಭಯವೂ, ದೊಡ್ಡ ಕಾಲೇಜುಗಳೇ ಎಲ್ಲವನ್ನೂ ಬಾಚಿಕೊಂಡಾವು ಎಂಬ ಅಂಜಿಕೆಯೂ ಅದರ ಹಿಂದಿದ್ದವು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 1984ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಿಂದ ಅವುಗಳ ಪರ ತೀರ್ಪಿತ್ತಿತು. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಕಾಲೇಜಿನ ದಿನಗಳಲ್ಲಿ ಅವರು ಸ್ವತಃ ಹೆಸರಾಂತ ಫುಟ್‌ಬಾಲ್ ಆಟಗಾರ. ಈ ದಾರಿ ಹಿಡಿದರೆ ಕಾಲೇಜು ಆಟ ಪೂರ್ತಿ ವ್ಯಾಪಾರವಾದೀತು ಎಂಬುದು ಅವರ ಆತಂಕವಾಗಿತ್ತು. ನಲವತ್ತು ವರ್ಷದ ಬಳಿಕ ನೋಡಿದರೆ, ಆ ಪೀಠದಲ್ಲಿ ಮೈದಾನವನ್ನು ಹತ್ತಿರದಿಂದ ಬಲ್ಲವರು ಅವರೊಬ್ಬರೇ ಇದ್ದರೇನೋ ಅನ್ನಿಸುತ್ತದೆ.

ತೀರ್ಪಿನ ಬಳಿಕ ಮಾರುವ ಹಕ್ಕು ಕಾಲೇಜುಗಳ ಮತ್ತು ಒಕ್ಕೂಟಗಳ ಕೈಗೆ ಬಂತು. ಒಕ್ಕೂಟದಲ್ಲಿ ದೊಡ್ಡ ಹೆಸರುಗಳು ಎಷ್ಟಿದ್ದರೆ ಟಿ.ವಿ. ಸಂಸ್ಥೆ ಕೊಡುವ ಹಣವೂ ಅಷ್ಟು. ಹಾಗಾಗಿ ದೊಡ್ಡ ಹೆಸರುಗಳನ್ನು ಸೆಳೆಯುವ ಓಟ ಶುರುವಾಯಿತು. ಅದು ತುದಿ ಮುಟ್ಟಿದ್ದು 2022 ಮತ್ತು 2023ರಲ್ಲಿ. ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, 2022ರ ಜೂನ್ 30ರಂದು ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟ ಬಿಟ್ಟು ಮಧ್ಯ ಅಮೆರಿಕದ ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದವು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಒಕ್ಕೂಟವು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು. ಪ್ಯಾಕ್-12ಗೆ ಅಂಥ ಒಪ್ಪಂದ ಕುದುರಲಿಲ್ಲ. 2023ರ ಬೇಸಿಗೆಯಲ್ಲಿ ಕೊಲರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಆರೆಗನ್ ಮತ್ತು ವಾಷಿಂಗ್ಟನ್ ಒಂದು ಕಡೆಗೆ, ಅರಿಜೋನ, ಅರಿಜೋನ ಸ್ಟೇಟ್ ಮತ್ತು ಯೂಟಾ ಇನ್ನೊಂದು ಕಡೆಗೆ ಹೋದವು. 1915ರಲ್ಲಿ ಹುಟ್ಟಿದ ಪರಂಪರೆಯ ಒಕ್ಕೂಟದಲ್ಲಿ ಕೊನೆಗೆ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ.

ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತದೆ, ವಿಶೇಷ ವಿಮಾನದಲ್ಲಿ ಹೋಗುತ್ತದೆ. ಪೆಟ್ಟು ಬಿದ್ದದ್ದು ಉಳಿದ ಆಟಗಳ ಮಕ್ಕಳಿಗೆ. ವಾಲಿಬಾಲ್, ಸಾಫ್ಟ್‌ಬಾಲ್, ಸಾಕರ್ ಆಡುವ ಹುಡುಗಿಯರು ಲೀಗ್ ಪಂದ್ಯಕ್ಕಾಗಿ ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯವರೆಗೆ ಹೋಗಿ ಬರಬೇಕು. ಸುಮಾರು 4,000 ಕಿಲೋಮೀಟರ್ ದೂರ. ಮೈಸೂರಿನಿಂದ ಶ್ರೀನಗರಕ್ಕೂ ಅಷ್ಟಿಲ್ಲ. ಮರುದಿನ ಬೆಳಿಗ್ಗೆ ಅವರಿಗೆ ರಸಾಯನಶಾಸ್ತ್ರದ ಪ್ರಯೋಗಾಲಯವಿರುತ್ತದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡ ಸಂಗತಿ ಇನ್ನೊಂದು. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದ ಸಾರ್ವಜನಿಕ ಸಂಸ್ಥೆಗಳು. ಒಂದು ಹೊರಟದ್ದರಿಂದ ಇನ್ನೊಂದಕ್ಕೆ ನಷ್ಟವಾಯಿತು. ಎರಡನ್ನೂ ನಡೆಸುವ ಆಡಳಿತ ಮಂಡಳಿ ಕೂತು ಚರ್ಚಿಸಿ, ಹೊರಟುಹೋದ ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡಬೇಕೆಂದು 2024ರಲ್ಲಿ ತೀರ್ಮಾನಿಸಿತು. ಹಣದ ಹುಚ್ಚು ಹಿಡಿದ ವ್ಯವಸ್ಥೆಯಲ್ಲೂ, ಗಡಿ ಬದಲಾದಾಗ ಕಳೆದುಕೊಂಡವರು ಯಾರು ಎಂದು ಒಬ್ಬರಾದರೂ ಲೆಕ್ಕ ಹಾಕಿದರು. ಆಟಗಾರರು ಹೂಡಿದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ ರಾಜಿ ಒಪ್ಪಂದ ಇನ್ನೂ ಮುಂದಿನ ಹೆಜ್ಜೆ. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಿಗಲಿದೆ. ಮುಂದೆ ಪ್ರತಿ ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ನಮ್ಮಲ್ಲೂ ಇಂಥದೇ ಒಂದು ತೀರ್ಪು ಬಂದಿತ್ತು. ತೊಂಬತ್ತರ ದಶಕದ ಆರಂಭದವರೆಗೆ ಕ್ರಿಕೆಟ್ ತೋರಿಸಲು ದೂರದರ್ಶನವೇ ಮಂಡಳಿಯಿಂದ ಹಣ ಕೇಳುತ್ತಿತ್ತು. 1993ರ ಹೀರೋ ಕಪ್ ಪ್ರಸಾರದ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು 1995ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅಲ್ಲಿಂದ ಹೊರಟ ಹಣದ ಹೊಳೆ 2022ರ ಹೊತ್ತಿಗೆ ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕಿಗೆ 48,390 ಕೋಟಿ ರೂಪಾಯಿ ಎನ್ನುವಲ್ಲಿಗೆ ಮುಟ್ಟಿದೆ. ಒಂದು ಪಂದ್ಯಕ್ಕೆ 118 ಕೋಟಿಯ ಆಸುಪಾಸು.

ಎರಡು ತೀರ್ಪುಗಳ ನಡುವೆ ಹತ್ತು ಹನ್ನೊಂದು ವರ್ಷಗಳ ಅಂತರ. ಫಲ ಮಾತ್ರ ತೀರಾ ಬೇರೆ. ಅಮೆರಿಕದಲ್ಲಿ ಮಾರುವವರ ಜಾಗದಲ್ಲಿ ವಿಶ್ವವಿದ್ಯಾಲಯಗಳು ಕೂತಿದ್ದವು, ಇಲ್ಲಿ ಆ ಜಾಗದಲ್ಲಿದ್ದದ್ದು ಕ್ರಿಕೆಟ್ ಮಂಡಳಿ. ಕಾಲೇಜು ಆಟ ಆ ಕೋಣೆಯೊಳಕ್ಕೆ ಕಾಲಿಡಲೇ ಇಲ್ಲ. ಅದಕ್ಕೆ ಮುಂಚೆ ಅದಕ್ಕೊಂದು ಬಲವಾದ ಸ್ಥಾನವಿತ್ತು. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ನ ರೋಹಿಂಟನ್ ಬಾರಿಯಾ ಟ್ರೋಫಿ 1935ರಷ್ಟು ಹಿಂದೆಯೇ ಶುರುವಾದದ್ದು. ಅಲ್ಲಿ ರನ್ ಹೊಡೆದವರ ಮೇಲೆ ರಣಜಿ ಆಯ್ಕೆಗಾರರ ಕಣ್ಣು ಬೀಳುತ್ತಿತ್ತು.

ಮೈಸೂರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಇ.ಎ.ಎಸ್. ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಎನ್‌ಐಇಯಲ್ಲಿ ಎಂಜಿನಿಯರಿಂಗ್ ಓದಿಗೆ ಕೂತರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಪದವಿಗಾಗಿ ಭಾರತ ತಂಡವನ್ನು ಬದಿಗಿಟ್ಟವರು ಹಿಂದಿರುಗಿ ಬಂದು ಜಗತ್ತಿನ ಶ್ರೇಷ್ಠ ಆಫ್ ಸ್ಪಿನ್ನರ್‌ಗಳಲ್ಲಿ ಒಬ್ಬರಾದರು. ಮರಿಮಲ್ಲಪ್ಪ ಶಾಲೆಯ ಹುಡುಗ ಜಾವಗಲ್ ಶ್ರೀನಾಥ್ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಷನ್ ಓದುತ್ತಲೇ ವೇಗದ ಬೌಲರ್ ಆದರು. 1989ರಲ್ಲಿ ಹೈದರಾಬಾದ್ ಎದುರು ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ಪ್ರಸನ್ನ ಓದಿದ ಕಾಲಕ್ಕೂ ಶ್ರೀನಾಥ್ ಓದಿದ ಕಾಲಕ್ಕೂ ಈ ಎರಡು ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು. ಮಹಾರಾಜ ಕಾಲೇಜು, ಯುವರಾಜ ಕಾಲೇಜು, ವೈದ್ಯಕೀಯ ಕಾಲೇಜು, ಎನ್‌ಐಇ ಎಲ್ಲವೂ ಒಂದೇ ಅಂಗಳದ ಮಕ್ಕಳು.

ಆ ಅಂಗಳ ಇವತ್ತು ಹೇಗೆ ಹರಿದು ಹಂಚಿಹೋಗಿದೆ ಎಂಬುದನ್ನು ಊರಿನವರೂ ಪೂರ್ತಿ ಗಮನಿಸಿದಂತಿಲ್ಲ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜ ಕಾಲೇಜೂ ಅದರ ಎರಡು ಕಣ್ಣುಗಳಾಗಿದ್ದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂದು ಸೆಂಟ್ರಲ್ ಕಾಲೇಜು ಅತ್ತ ಹೋಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಗಿ ಕರಾವಳಿ, ಕೊಡಗು ಹೋದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಗಿ ಮಲೆನಾಡು ಹೋಯಿತು. ಇಷ್ಟರವರೆಗೆ ನಡೆದದ್ದು ಭೂಗೋಳದ ವಿಂಗಡಣೆ. ದೂರದ ಜಿಲ್ಲೆಗೆ ಹತ್ತಿರದಲ್ಲೊಂದು ವಿಶ್ವವಿದ್ಯಾಲಯ ಬೇಕಾಗಿತ್ತು. ಅದನ್ನು ತಪ್ಪೆನ್ನುವಂತಿಲ್ಲ.

ಆಟದ ಬೇರಿಗೆ ಕೊಡಲಿ ಬಿದ್ದದ್ದು ಆಮೇಲಿನ ವಿಂಗಡಣೆಯಲ್ಲಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದು ವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ಅಧೀನಕ್ಕೆ ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಗೆ ಹೋದವು. 2009ರಲ್ಲಿ ಕಾನೂನು ವಿಶ್ವವಿದ್ಯಾಲಯ ಬಂದು ಲಾ ಕಾಲೇಜುಗಳು ಹುಬ್ಬಳ್ಳಿಗೆ ಹೋದವು. ಜೆಎಸ್‌ಎಸ್‌ನ ಆರೋಗ್ಯ ಶಿಕ್ಷಣ ಸಂಸ್ಥೆಗಳು ಡೀಮ್ಡ್ ವಿಶ್ವವಿದ್ಯಾಲಯವಾದವು. ಶ್ರೀನಾಥ್ ಓದಿದ ಎಸ್‌ಜೆಸಿಇ 2016ರಲ್ಲಿ ತಾನೇ ಇನ್ನೊಂದು ವಿಶ್ವವಿದ್ಯಾಲಯವಾಯಿತು. ಊರನ್ನು ಕೊಯ್ದದ್ದು ಜಿಲ್ಲೆಯ ಗಡಿಯಲ್ಲ, ಕೋರ್ಸಿನ ಗಡಿ.

ಪರಿಣಾಮ ಏನೆಂದರೆ, ಬಿ.ಎ., ಬಿ.ಕಾಂ. ಓದುವ ಹುಡುಗ ಮೈಸೂರು ವಿ.ವಿ.ಯ ಆಟಗಾರ. ಪಕ್ಕದ ರಸ್ತೆಯ ಎಂಜಿನಿಯರಿಂಗ್ ಹುಡುಗ ಬೆಳಗಾವಿಯವನು. ಅದರಾಚೆಯ ಮೆಡಿಕಲ್ ಹುಡುಗಿ ಬೆಂಗಳೂರಿನವಳು, ಲಾ ಓದುವವಳು ಹುಬ್ಬಳ್ಳಿಯವಳು. ನಾಲ್ವರೂ ಒಂದೇ ಬಸ್‌ಸ್ಟಾಪಿನಲ್ಲಿ ಇಳಿಯುತ್ತಾರೆ, ಒಂದೇ ಹೋಟೆಲಿನಲ್ಲಿ ದೋಸೆ ತಿನ್ನುತ್ತಾರೆ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯದಲ್ಲಿ ಮಾತ್ರ ಇವರ ತಂಡಗಳು ಎದುರುಬದುರಾಗುವುದಿಲ್ಲ. ಅಮೆರಿಕದಲ್ಲಿ ನಾಲ್ಕು ಸಾವಿರ ಕಿಲೋಮೀಟರ್ ದೂರದ ಕಾಲೇಜುಗಳನ್ನು ಹಣ ಎಳೆದು ತಂದು ಒಂದೇ ಲೀಗಿನಲ್ಲಿ ಕೂರಿಸಿತು. ಇಲ್ಲಿ ಒಂದೇ ಪೇಟೆಯ ಕಾಲೇಜುಗಳನ್ನು ಕಾಯ್ದೆ ಬೇರೆ ಬೇರೆ ಕಡೆಗೆ ಕಳಿಸಿತು. ಅಲ್ಲಿಯಾದರೂ ಆಟವನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಇಲ್ಲಿ ಈ ಕಾಯ್ದೆಗಳನ್ನು ಬರೆಯುವಾಗ ಪಠ್ಯಕ್ರಮ, ಪರೀಕ್ಷೆ, ಪ್ರವೇಶ ಎಲ್ಲವೂ ನೆನಪಿಗೆ ಬಂದಿವೆ. ಮೈದಾನ ಮಾತ್ರ ಯಾರ ನೆನಪಿಗೂ ಬಂದಂತೆ ಕಾಣುವುದಿಲ್ಲ.

ಅಂತರ ವಿಶ್ವವಿದ್ಯಾಲಯ ಕ್ರೀಡೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದೆ. ನಾವು ದಕ್ಷಿಣ ವಲಯದವರು. ಪ್ರತಿ ವಿಶ್ವವಿದ್ಯಾಲಯ ಒಂದೊಂದು ಆಟಕ್ಕೆ ಒಂದು ತಂಡ ಕಳಿಸಬಹುದು. ತಂಡದ ಆಟಗಳಲ್ಲಿ ವಲಯದ ಮೊದಲ ನಾಲ್ಕು ಸ್ಥಾನದವರಿಗೆ ಅಖಿಲ ಭಾರತ ಮಟ್ಟದ ಅವಕಾಶ. ಇದರ ತಳಪಾಯವೇ ಅಂತರ ಕಾಲೇಜು ಪಂದ್ಯ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಮಕ್ಕಳ ಬಾಯಲ್ಲಿ ಪಿ.ಡಿ. ಸರ್, ಅರ್ಹತಾ ಪತ್ರದ ಕಟ್ಟು ಹಿಡಿದು ಬರುತ್ತಾರೆ. ಅದರಲ್ಲಿ ಹುಡುಗನ ಫೋಟೊ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕ, ಪ್ರಾಂಶುಪಾಲರ ಸಹಿ, ಮೊಹರು ಇರಬೇಕು. ವಯಸ್ಸು 25 ದಾಟಿರಬಾರದು. ಒಂದು ಸಹಿ ತಪ್ಪಿದರೂ ಸೋಲುವುದು ಮೈದಾನದ ಹೊರಗೇ. ಗೆದ್ದವರಲ್ಲಿ ಆಯ್ದು ಶಿಬಿರ ನಡೆಸಿ, ಟ್ರ್ಯಾಕ್‌ಸೂಟ್ ಕೊಟ್ಟು, ರೈಲಿನ ಟಿಕೆಟ್ ಮಾಡಿಸಿ ಚೆನ್ನೈಗೋ ಕೊಟ್ಟಾಯಂಗೋ ಕಳಿಸುತ್ತಾರೆ. ಎದೆಯ ಮೇಲೆ ವಿಶ್ವವಿದ್ಯಾಲಯದ ಹೆಸರಿರುವ ಆ ಜೆರ್ಸಿಗೆ, ‘ಯೂನಿವರ್ಸಿಟಿ ಬ್ಲೂ’ ಅನ್ನಿಸಿಕೊಳ್ಳುವುದಕ್ಕೆ, ಹಳ್ಳಿಯ ಮನೆಯಲ್ಲಿ ಇರುವ ಬೆಲೆ ದೊಡ್ಡದು. ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸವೋ ರೈಲ್ವೆ ಕೆಲಸವೋ ಸಿಗುವ ದಾರಿ ಅದು. ಈ ಎಲ್ಲದಕ್ಕೂ ಹಣ ಬರುವುದು ಬಹುಪಾಲು ವಿದ್ಯಾರ್ಥಿಗಳೇ ಕಟ್ಟುವ ಕ್ರೀಡಾ ಶುಲ್ಕದಿಂದ.

ಕಾಲೇಜುಗಳು ಕಡಿಮೆಯಾದರೆ ಆ ಶುಲ್ಕವೂ ಕಡಿಮೆ, ಎದುರಾಳಿಗಳೂ ಕಡಿಮೆ. 2023ರಲ್ಲಿ ರಾಜ್ಯ ಸರ್ಕಾರ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಆರಂಭಿಸಿತು. ಹಾಸನ, ಚಾಮರಾಜನಗರ ಅವುಗಳಲ್ಲಿ ಸೇರಿದ್ದವು. ಮಂಡ್ಯಕ್ಕೂ ಪ್ರತ್ಯೇಕ ವಿಶ್ವವಿದ್ಯಾಲಯವಾಗಿದೆ. ಒಂದು ಕಾಲಕ್ಕೆ ಶಿವಮೊಗ್ಗದಿಂದ ಮಂಗಳೂರಿನವರೆಗೆ ಹರಡಿಕೊಂಡಿದ್ದ ಮೈಸೂರು ವಿ.ವಿ. ಈಗ ಒಂದು ಜಿಲ್ಲೆಗೆ ಇಳಿದಿದೆ. ನಿವೃತ್ತರ ಪಿಂಚಣಿಯ ಭಾರ ಮಾತ್ರ ಹಳೆಯ ಗಾತ್ರದ್ದೇ ಉಳಿದಿದೆ. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಹೊಸ ವಿಶ್ವವಿದ್ಯಾಲಯಗಳ ಪಾಲು. ಯುಸಿಎಲ್‌ಎ ಬರ್ಕ್ಲಿಗೆ ಕೊಟ್ಟಂಥ ಪರಿಹಾರದ ಮಾತು ಇಲ್ಲಿ ಯಾರೂ ಎತ್ತಲಿಲ್ಲ.

ಹೊಸ ವಿಶ್ವವಿದ್ಯಾಲಯಗಳಿಂದ ಒಳ್ಳೆಯದೇ ಆಗಲಿಲ್ಲ ಎಂದು ನಾನು ಹೇಳಲಾರೆ. ಗುಂಡ್ಲುಪೇಟೆಯ ಸರ್ಕಾರಿ ಕಾಲೇಜಿನ ಕಬಡ್ಡಿ ಹುಡುಗಿಗೆ ಮೈಸೂರಿನ ದೊಡ್ಡ ಕಾಲೇಜುಗಳ ಜೊತೆ ಸೆಣಸಿ ಹನ್ನೆರಡರಲ್ಲಿ ಒಬ್ಬಳಾಗುವುದು ಕಷ್ಟವಿತ್ತು. ತನ್ನ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ, ಒಂದು ತಂಡ ಎಂದಾದರೆ ಆ ಜೆರ್ಸಿ ಅವಳಿಗೂ ಸಿಗುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಅವಳು ವರ್ಷವಿಡೀ ಯಾರ ಎದುರು ಆಡಿ ಬೆಳೆಯುತ್ತಾಳೆ? ಬಲವಾದ ಎದುರಾಳಿ ಸಿಗದೆ ಯಾವ ಆಟಗಾರ್ತಿಯೂ ಬಲವಾಗುವುದಿಲ್ಲ. ಹತ್ತಿಪ್ಪತ್ತು ಕಾಲೇಜುಗಳೊಳಗಿನ ಆಟ ಮುಗಿಸಿ ನೇರವಾಗಿ ಕೇರಳ, ತಮಿಳುನಾಡಿನ ಪಳಗಿದ ತಂಡಗಳ ಮುಂದೆ ನಿಂತರೆ ಮೊದಲ ಸುತ್ತಿನಲ್ಲೇ ಗಂಟು ಕಟ್ಟಬೇಕಾದೀತು. ಈ ನಡುವೆ 2025ರ ಫೆಬ್ರುವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಸಂಪುಟ ಉಪಸಮಿತಿಯ ಮುಂದೆ ಬಂತು. ಎರಡು ವರ್ಷದ ಹಿಂದೆ ಎಳೆದ ಗೆರೆಯನ್ನು ಅಳಿಸಬೇಕೇ ಎಂಬ ಚರ್ಚೆ. ಆಗಲೂ ಮಾತಾದದ್ದು ಜಮೀನು, ಕಟ್ಟಡ, ಅನುದಾನ.

ಗೆರೆಗಳು ಹೀಗೆ ಅಲುಗಾಡುತ್ತಿರುವಾಗ ಒಳ್ಳೆಯ ಆಟಗಾರರು ಕಾದು ಕೂರುವುದಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಹೆಸರು ಮಾಡಬೇಕೆನ್ನುವ ಮಕ್ಕಳು ಮೂಡುಬಿದಿರೆಯ ಆಳ್ವಾಸ್ ಕಡೆ ನೋಡುತ್ತಾರೆ. ಅಲ್ಲಿ ಕ್ರೀಡಾ ದತ್ತು ಯೋಜನೆಯಲ್ಲಿ ಊಟ, ವಸತಿ, ಓದು ಉಚಿತ. ಆ ಮಕ್ಕಳ ಬಲದ ಮೇಲೆಯೇ ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಚಾಂಪಿಯನ್ ಆಗಿದೆ. ಈಜು, ಬ್ಯಾಡ್ಮಿಂಟನ್‌ನವರು ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಸಮಗ್ರ ಪ್ರಶಸ್ತಿ ಅದಕ್ಕೇ ಸಂದಿತು. ಸಾಧನೆ ದೊಡ್ಡದು, ಸಂಶಯವಿಲ್ಲ. ಇಂಥ ಒಂದೆರಡು ಬಾಗಿಲುಗಳು ಮಾತ್ರ ತೆರೆದಿರುವುದು ಒಳ್ಳೆಯ ಲಕ್ಷಣವಲ್ಲ. ಆಸೆಯಿಟ್ಟ ಪ್ರತಿ ಮಗುವೂ ಊರು ಬಿಡಲೇಬೇಕು ಎಂದಾದರೆ ಊರಿನ ಕಾಲೇಜು ಮೈದಾನಕ್ಕೆ ಉಳಿಯುವುದೇನು?

ಟಿ.ವಿ. ಹಣ ಕ್ರಿಕೆಟ್ಟಿನಾಚೆಗೂ ಬಂದಿದೆ. ಅದು ಎಲ್ಲಿಗೆ ಬರುತ್ತದೆ, ಎಲ್ಲಿಗೆ ಬರುವುದಿಲ್ಲ ಎಂದು ತಿಳಿಯಲು ತಿ. ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋಗಬೇಕು. ಅದು ಖೊಖೊ ಊರು. ಸಂಜೆಯ ಹೊತ್ತಿಗೆ ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಎರಡು ಕಂಬದ ನಡುವೆ ಮಕ್ಕಳು ಓಡುವ ಊರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಈ ಊರಿನವರು. ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿದಾಗ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅದನ್ನು ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು ಕೋಟಿಗಳ ಲೆಕ್ಕದಲ್ಲಿ. ಆ ನಿರಾಕರಣೆಯಲ್ಲಿ ನನಗೆ ದುರಾಸೆ ಕಾಣಲಿಲ್ಲ. ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಆಟವನ್ನು ಆಡಿಕೊಂಡು ಬಂದವರು ತಮ್ಮ ಬೆಲೆಯನ್ನು ತಾವೇ ಹೇಳಿದ್ದರು.

ಖೊಖೊಗೆ ಟಿ.ವಿ. ಲೀಗ್ ಇಲ್ಲವೆಂದಲ್ಲ. ‘ಅಲ್ಟಿಮೇಟ್ ಖೊಖೊ’ 2022ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಶುರುವಾಯಿತು. ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ, ತೆಲುಗು ನಾಡಿನ ಹೆಸರಲ್ಲಿ ಆರು ತಂಡ. ಕರ್ನಾಟಕದ್ದು ಒಂದೂ ಇಲ್ಲ, ಆಡಿದವರು ಗಂಡಸರು ಮಾತ್ರ. ಕುರುಬೂರಿನ ಹುಡುಗಿಯರಿಗೆ ಉಳಿದದ್ದು ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ಏಣಿಯೇ. ಟಿ.ವಿ. ಹಣ ಬಾರದ ಆಟಗಳಿಗೆ, ಅದರಲ್ಲೂ ಹೆಣ್ಣುಮಕ್ಕಳ ಆಟಗಳಿಗೆ, ಆ ಏಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತರೆ ಮೊದಲು ಬೀಳುವವರು ಇವರು.

ಮಹಾರಾಜ ಟ್ರೋಫಿಯ ಮಾತಿಗೆ ಬಂದರೆ, ಮೈಸೂರು ವಾರಿಯರ್ಸ್ 2024ರಲ್ಲಿ ಕರುಣ್ ನಾಯರ್ ನಾಯಕತ್ವದಲ್ಲಿ ಟ್ರೋಫಿ ಗೆದ್ದಾಗ ಊರು ಸಂತೋಷಪಟ್ಟಿತು. ತಂಡದ ಒಡೆತನವೂ ಊರಿನದೇ, ಸೈಕಲ್ ಅಗರಬತ್ತಿಯ ಎನ್.ಆರ್. ಸಮೂಹದ್ದು. ಆಟಗಾರರು ಬರುವುದು ಹರಾಜಿನಿಂದ. ಹರಾಜಿನ ಪಟ್ಟಿಗೆ ಹೆಸರು ಬರುವುದು ಕ್ರಿಕೆಟ್ ಸಂಸ್ಥೆಯ ಕ್ಲಬ್‌ಗಳ, ವಯೋಮಿತಿಯ ಟೂರ್ನಿಗಳ ಮೂಲಕ. ಕಾಲೇಜು ತಂಡಕ್ಕೆ ಚೆನ್ನಾಗಿ ಆಡಿ ಅಲ್ಲಿಗೆ ಮುಟ್ಟುವ ದಾರಿ ಶ್ರೀನಾಥ್ ಕಾಲಕ್ಕಿಂತ ಈಗ ತುಂಬಾ ಕಿರಿದು. ಕ್ರಿಕೆಟ್ ಸಂಸ್ಥೆಯನ್ನು ದೂರಿ ಫಲವಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ತನ್ನ ಪಾಲು ಕೇಳದೆ ಕೂತಿರುವುದು ವಿಶ್ವವಿದ್ಯಾಲಯ.

ಕೇಳಲು ಅದರ ಕೈಯಲ್ಲಿ ಒಂದು ಗಟ್ಟಿ ಆಧಾರವಿದೆ, ಮೈದಾನದ ಗುತ್ತಿಗೆ. ಅದು ಮಾತುಕತೆಗೆ ಬಂದಾಗಲೆಲ್ಲ ಚರ್ಚೆ ಬಾಡಿಗೆಯ ಮೊತ್ತದಲ್ಲೇ ಮುಗಿಯಬಾರದು. ವರ್ಷಕ್ಕೆ ಇಷ್ಟು ದಿನ ಕಾಲೇಜು ಕ್ರಿಕೆಟ್ಟಿಗೆ ಮೀಸಲು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಬರೆಸಿಕೊಳ್ಳಬೇಕು. ಟಿ.ವಿ. ಟೂರ್ನಿಗೆ ಸಿದ್ಧವಾಗುವ ಅದೇ ಪಿಚ್, ಅದೇ ನಿರ್ವಾಹಕರು, ಅದೇ ಹೊರಾಂಗಣ ಆ ಮಕ್ಕಳಿಗೂ ಸಿಗಬೇಕು.

ಎರಡನೆಯದು, ಊರಿನ ಎಲ್ಲ ಕಾಲೇಜುಗಳನ್ನೂ ಸೇರಿಸುವ ಒಂದು ನಗರ ಕಪ್. ಅಂತರ ವಿಶ್ವವಿದ್ಯಾಲಯ ಆಯ್ಕೆಯ ನಿಯಮ ಬದಲಿಸುವ ಅಧಿಕಾರ ಮೈಸೂರಿಗಿಲ್ಲ. ಸ್ನೇಹದ ಟೂರ್ನಿ ನಡೆಸಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಮಹಾರಾಜ, ಯುವರಾಜ, ಮಹಾರಾಣಿ, ಎನ್‌ಐಇ, ಎಸ್‌ಜೆಸಿಇ, ಮೈಸೂರು ಮೆಡಿಕಲ್, ವಿದ್ಯಾವರ್ಧಕ ಎಲ್ಲವೂ ಒಂದೇ ಡ್ರಾನಲ್ಲಿ ಬರಲಿ. ಹಾಸನ, ಮಂಡ್ಯ, ಚಾಮರಾಜನಗರ ವಿಶ್ವವಿದ್ಯಾಲಯಗಳು ಉಳಿಯಲಿ ಮುಚ್ಚಲಿ, ಅವುಗಳ ಚಾಂಪಿಯನ್ ಕಾಲೇಜುಗಳಿಗೂ ಕರೆ ಹೋಗಲಿ. ಕ್ರಿಕೆಟ್ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, ಅಥ್ಲೆಟಿಕ್ಸ್ ಚಾಮುಂಡಿ ವಿಹಾರದಲ್ಲಿ, ಕಬಡ್ಡಿ ಖೊಖೊ ಸರಸ್ವತಿಪುರಂನ ಸ್ಪೋರ್ಟ್ಸ್ ಪೆವಿಲಿಯನ್‌ನಲ್ಲಿ ನಡೆಯಲಿ. ದಸರೆಗೆ ಕ್ರೀಡಾಕೂಟ ನಡೆಸಿ ರಾಜ್ಯದ ಮೂಲೆಮೂಲೆಯ ಆಟಗಾರರನ್ನು ಕರೆಸಿಕೊಳ್ಳುವ ಊರಿಗೆ, ತನ್ನದೇ ಕಾಲೇಜುಗಳನ್ನು ಎದುರುಬದುರು ನಿಲ್ಲಿಸುವುದು ಹೊರಲಾರದ ಹೊರೆಯಲ್ಲ. ಪ್ರಸಾರಕ್ಕೆ ದೊಡ್ಡ ವಾಹಿನಿಯೂ ಬೇಕಿಲ್ಲ. ಪತ್ರಿಕೋದ್ಯಮ ಓದುವ ಮಕ್ಕಳು ಒಂದು ಕ್ಯಾಮೆರಾ ಹಿಡಿದು ಯೂಟ್ಯೂಬ್‌ನಲ್ಲಿ ಕನ್ನಡದ ವೀಕ್ಷಕ ವಿವರಣೆಯೊಡನೆ ತೋರಿಸಬಹುದು. ಅವರಿಗೂ ಅದೊಂದು ಪಾಠ.

ಮೂರನೆಯ ಮಾತು ಸರ್ಕಾರಕ್ಕೆ. ಇನ್ನು ಮುಂದೆ ವಿಶ್ವವಿದ್ಯಾಲಯವನ್ನು ಒಡೆಯುವ, ಸೇರಿಸುವ, ಮುಚ್ಚುವ ಕಡತ ತೆರೆದಾಗ ಅದರಲ್ಲಿ ಕ್ರೀಡೆಗೆಂದು ಒಂದು ಪುಟವಿರಲಿ. ಆ ವರ್ಷ ಶಿಬಿರದಲ್ಲಿರುವ ಮಕ್ಕಳು ಯಾವ ತಂಡಕ್ಕೆ ಆಡಬೇಕು, ಕಟ್ಟಿದ ಕ್ರೀಡಾ ಶುಲ್ಕ ಯಾವ ಖಾತೆಗೆ ಹೋಗಬೇಕು, ಹಂಚಿಹೋದ ಜಿಲ್ಲೆಗಳ ಕಾಲೇಜುಗಳು ಮುಂದಿನ ಐದು ವರ್ಷ ಜೊತೆಯಾಗಿ ಹೇಗೆ ಆಡಬೇಕು ಎಂಬುದನ್ನು ಆ ಪುಟ ಹೇಳಲಿ. ಅದನ್ನು ಬರೆಯಲು ಹೊರಗಿನ ತಜ್ಞರು ಬೇಕಿಲ್ಲ. ಈ ನಾಲ್ಕು ಜಿಲ್ಲೆಗಳ ಪಿ.ಡಿ.ಗಳನ್ನು ಒಂದು ಮಧ್ಯಾಹ್ನ ಮಾನಸಗಂಗೋತ್ರಿಯಲ್ಲಿ ಕೂರಿಸಿದರೆ, ಯಾವ ಕಾಲೇಜಿನಲ್ಲಿ ಯಾವ ಆಟಕ್ಕೆ ಎಷ್ಟು ಮಕ್ಕಳಿದ್ದಾರೆ, ಯಾರಿಗೆ ಯಾರು ತಕ್ಕ ಎದುರಾಳಿ ಎಂಬುದನ್ನು ಅವರು ಕಾಗದ ನೋಡದೆ ಹೇಳುತ್ತಾರೆ.